ಟಿವಿ ನಿಂತರೆ ಮಳೆಗೇ ಬೈಯಬೇಡಿ

ಸಂಪಾದಕರೇ,

ಆಷಾಢದಲ್ಲಿ ಟಿವಿ ನಿಂತರೆ ನಮ್ಮ ಕಡೆ ಎಲ್ಲರೂ ಬೈಯುವುದು ಮಳೆಗೆ. ನಾನೂ ಎರಡು ವಾರ ಹಾಗೇ ಬೈದೆ. ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಮಾಡು ಹತ್ತಿ ಡಿಶ್ ತಿರುಗಿಸಿದ್ದೂ ಆಯ್ತು. 93.5 ಡಿಗ್ರಿ ಪೂರ್ವದಲ್ಲಿದ್ದು ಚಾನೆಲ್ ಕಳಿಸುವ ಉಪಗ್ರಹ ಜಿಸ್ಯಾಟ್-15 ಎಲ್ಲಿಗೂ ಹೋಗಿರಲಿಲ್ಲ, ಪಾಪ. ಎಡವಟ್ಟು ಇದ್ದಿದ್ದು ಮೆತ್ತಿನ ಮೇಲಿನ ಹಳೇ ಕಂಪ್ಯೂಟರಿನಲ್ಲಿ.

ನಮ್ಮ ಮನೆ ಶಿರಸಿ ಹತ್ತಿರ. ಡಿಡಿ ಫ್ರೀ ಡಿಶ್ ಚಾನೆಲ್‌ಗಳನ್ನು ಮನೆಯ ನೆಟ್‌ವರ್ಕಿಗೆ ಕೊಡುವ ಸ್ಯಾಟ್-ಐಪಿ ಡಬ್ಬಿ ತಂದಿದ್ದೆ, ಎರಡು ಟ್ಯೂನರ್‌ನದು (ಟ್ಯೂನರ್ ಅಂದರೆ ಡಿಶ್‌ನಿಂದ ಬರುವ ಸಿಗ್ನಲ್ ಹಿಡಿಯುವ ಭಾಗ). 'ಮನೆಯವರೆಲ್ಲ ಒಟ್ಟಿಗೇ ನೋಡಬಹುದು' ಅಂದಿದ್ದ ಮಾರಿದವ. ರೆಕಾರ್ಡಿಂಗಿಗೆ ಆ ಹಳೇ ಕಂಪ್ಯೂಟರಿನಲ್ಲಿ ಟಿವಿಹೆಡೆಂಡ್ ಅನ್ನುವ ಸಾಫ್ಟ್‌ವೇರ್ ಹಾಕಿದೆ. ಮೊಬೈಲಿನಲ್ಲಿ ನೋಡಲು ಜೆಲ್ಲಿಫಿನ್ ಅನ್ನುವ ಇನ್ನೊಂದು ಸಾಫ್ಟ್‌ವೇರೂ ಇರಲಿ ಅಂತ ಅದನ್ನೂ ಹಾಕಿ, ಅದಕ್ಕೂ ಅದೇ ಡಬ್ಬಿಯ ವಿಳಾಸ ಕೊಟ್ಟೆ.

ಒಂದು ಸಂಜೆ ಅಪ್ಪ ವಾರ್ತೆಗೆ ಚಂದನ ಹಾಕಿದರೆ ಬರೀ ಕಪ್ಪು ಪರದೆ. ಹೊರಗೆ ಹನಿ ಮಳೆಯೂ ಇಲ್ಲ! ಟಿವಿಹೆಡೆಂಡ್ ತೆಗೆದು ನೋಡಿದೆ, ಒಂದು ಟ್ಯೂನರ್ ಖಾಲಿ ಇದೆ ಅನ್ನುತ್ತಿತ್ತು. ಡಬ್ಬಿಯ ಪುಟದಲ್ಲಿ ನೋಡಿದರೆ ಎರಡೂ ಬ್ಯುಸಿ. ಲಾಗಿನಲ್ಲಿ 503, ಅಂದರೆ 'ಈಗ ಕೊಡಲಾಗದು', ಅಂತ ಸಾಲು ಸಾಲು. ಒಂದರಲ್ಲಿ ನನ್ನ ರೆಕಾರ್ಡಿಂಗ್ ನಡೆದಿತ್ತು, ಇನ್ನೊಂದನ್ನು ಜೆಲ್ಲಿಫಿನ್ ಹಿಡಿದು ಕೂತಿತ್ತು, ತಂಗಿ ಮೊಬೈಲಿನಲ್ಲಿ ಏನೋ ಹಚ್ಚಿ ಹಾಗೇ ಬಿಟ್ಟು ಅಡುಗೆಮನೆಗೆ ಹೋಗಿದ್ದಳು. ಒಂದು ಸಾಫ್ಟ್‌ವೇರಿನ ಕೆಲಸ ಇನ್ನೊಂದಕ್ಕೆ ಗೊತ್ತೇ ಇಲ್ಲ.

ಒಂದು ಟ್ಯೂನರ್ ಒಂದು ಹೊತ್ತಿಗೆ ಒಂದೇ ಟ್ರಾನ್ಸ್‌ಪಾಂಡರ್, ಅಂದರೆ ಉಪಗ್ರಹ ಒಟ್ಟಿಗೆ ಕಳಿಸುವ ಚಾನೆಲ್‌ಗಳ ಒಂದು ಗುಂಪು, ಹಿಡಿಯುತ್ತದೆ. ಅದರೊಳಗಿನ ಚಾನೆಲ್‌ಗಳನ್ನು ಎಷ್ಟೋ ಜನಕ್ಕೆ ಹಂಚಬಹುದು, ಆದರೆ ಹಂಚುವ ಯಜಮಾನ ಒಬ್ಬನೇ ಇರಬೇಕು. ಹಾಗಾಗಿ ಜೆಲ್ಲಿಫಿನ್‌ನಿಂದ ಡಬ್ಬಿಯ ವಿಳಾಸ ತೆಗೆದುಹಾಕಿದೆ. ಟಿವಿಹೆಡೆಂಡ್ 9981 ಪೋರ್ಟಿನಲ್ಲಿ ಕೊಡುವ ಚಾನೆಲ್ ಪಟ್ಟಿಯನ್ನೇ ಅದಕ್ಕೆ ಕೊಟ್ಟೆ. ಯಾರೂ ನೋಡದಿರುವಾಗ ಟಿವಿಹೆಡೆಂಡ್ ಸುಮ್ನೆ ಟ್ಯೂನರ್ ಹಿಡಿದು ಚಾನೆಲ್ ಹುಡುಕುವುದನ್ನೂ ನಿಲ್ಲಿಸಿದೆ. ಹದಿನೈದು ನಿಮಿಷದ ಕೆಲಸ ಅಷ್ಟೇ, ಅದು ತಿಳಿಯಲು ಎರಡು ವಾರ.

ಮಳೆಯ ತೊಂದರೆಯೋ ಇದೋ ಅಂತ ಹೇಗೆ ಗೊತ್ತಾಗುವುದು? ಮಳೆಗೆ ಚಿತ್ರ ಚೌಕ ಚೌಕವಾಗಿ ಒಡೆಯುತ್ತದೆ, ದನಿ ಕತ್ತರಿಸುತ್ತದೆ, ಮಳೆ ಇಳಿದ ಮೇಲೆ ತಾನೇ ಸರಿಹೋಗುತ್ತದೆ. ಟ್ಯೂನರ್ ಜಗಳದಲ್ಲಿ ಒಂದು ಚಾನೆಲ್ ಚೆನ್ನಾಗಿ ಬರುತ್ತಿರುತ್ತದೆ, ಇನ್ನೊಂದು ಶುರುವೇ ಆಗುವುದಿಲ್ಲ. ಇದನ್ನು ನೋಡದೆ ಡಿಶ್ ಮುಟ್ಟಬೇಡಿ, ಜಾರುವ ಹಂಚಿನ ಮೇಲಂತೂ ಬೇಡವೇ ಬೇಡ.

ಮಾರುವವರಿಗೆ ನನ್ನದೊಂದು ಮಾತು. ಎರಡು ಟ್ಯೂನರ್ ಅಂದರೆ ಎರಡು ಟ್ರಾನ್ಸ್‌ಪಾಂಡರ್, ಎರಡು ಟಿವಿ ಅಲ್ಲ, 'ಮನೆಯವರೆಲ್ಲ' ಅಂತೂ ಅಲ್ಲವೇ ಅಲ್ಲ. ಇದನ್ನು ಕನ್ನಡದಲ್ಲಿ ಎರಡು ಸಾಲು ಬರೆದು ಡಬ್ಬಿಯ ಜೊತೆ ಕೊಟ್ಟರೆ ಏನು ಗಂಟು ಹೋಗುತ್ತದೆ? ಮನೆಯಲ್ಲಿ ಅಪ್ಪ ಮಾತ್ರ ಈಗಲೂ ಮೋಡ ಕಂಡ ಕೂಡಲೇ ರಿಮೋಟ್ ಕೆಳಗಿಡುತ್ತಾರೆ.

– ಒಬ್ಬ ಓದುಗ, ಶಿರಸಿ