ಡಿಎನ್‌ಎಸ್ ಕೆಲಸಕ್ಕೆ ಏಜೆಂಟ್ ಬರುತ್ತಿದೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಬರುವ ಒಂದನೇ ತಾರೀಕಿನಿಂದ ನಿಮ್ಮ ಡೊಮೇನಿನ (ಸೈಟಿನ ಹೆಸರಿನ) ಡಿಎನ್‌ಎಸ್ ದಾಖಲೆ, ಅಂದರೆ ಆ ಹೆಸರಿನ ಸೈಟೂ ಮೇಲೂ ಯಾವ ಸರ್ವರಿನಲ್ಲಿವೆ ಎಂದು ಹೇಳುವ ಸಾಲು, ತಿದ್ದುವ ಕೆಲಸವನ್ನು ಒಂದು ಎಐ ಏಜೆಂಟ್ (ಬರೆದದ್ದನ್ನು ಓದಿ ಕೆಲಸ ಮಾಡುವ ಸಾಫ್ಟ್‌ವೇರ್) ಮೂಲಕ ಮಾಡಲಿದ್ದೇವೆ. ನಿಮ್ಮ ಕಡೆಯಿಂದ ಹೊಸದಾಗಿ ಏನೂ ಬೇಡ. ಈಗಿನ ಹಾಗೆಯೇ ವಾಟ್ಸಾಪಿನಲ್ಲಿ ಕನ್ನಡದಲ್ಲೋ ಮಲಯಾಳದಲ್ಲೋ ಬರೆದು ಹಾಕಿ. ದಾಖಲೆ ಈಗ ಹೇಗಿದೆ, ಹೇಗಾಗಬೇಕು ಎಂಬುದನ್ನು ಏಜೆಂಟ್ ಎರಡು ಸಾಲಿನಲ್ಲಿ ನಮ್ಮ ಮುಂದಿಡುತ್ತದೆ. ನಮ್ಮಲ್ಲೊಬ್ಬರು ನೋಡಿ ಒಪ್ಪಿದ ಮೇಲಷ್ಟೇ ಅದು ಝೋನಿಗೆ, ಅಂದರೆ ನಿಮ್ಮ ಡೊಮೇನಿನ ದಾಖಲೆಗಳೆಲ್ಲ ಇರುವ ಪಟ್ಟಿಗೆ, ಹೋಗುತ್ತದೆ.

ಸುದ್ದಿ ನಮಗಿಂತ ಮೊದಲೇ ಪೇಟೆ ಸೇರಿದೆ. "ಬೀಗದ ಕೈಯನ್ನೇ ಯಂತ್ರಕ್ಕೆ ಕೊಟ್ಟಿರಂತೆ" ಎಂದು ಮೂವರು ಕೇಳಿದರು. ಕೊಟ್ಟಿಲ್ಲ. ಒಂದೊಂದು ಡೊಮೇನಿಗೂ ಬೇರೆ ಬೇರೆ ಟೋಕನ್ (ಪಾಸ್‌ವರ್ಡಿನಂಥ ಗುಪ್ತ ಸಂಕೇತ) ಇದೆ, ಅದರಿಂದ ಆ ಒಂದು ಝೋನಿನ ದಾಖಲೆ ತಿದ್ದಬಹುದು, ಅಷ್ಟೇ. ಡೊಮೇನನ್ನು ಇನ್ನೊಬ್ಬರಿಗೆ ವರ್ಗಾಯಿಸಲಾಗದು, ನೇಮ್‌ಸರ್ವರ್ (ಝೋನನ್ನು ಇಟ್ಟುಕೊಂಡು ಕೇಳಿದವರಿಗೆ ಉತ್ತರ ಕೊಡುವ ಸರ್ವರ್) ಬದಲಿಸಲಾಗದು. ಪ್ರತಿ ತಿದ್ದುಪಡಿಗೆ ಮೊದಲು ಇಡೀ ಝೋನಿನ ಒಂದು ನಕಲನ್ನು ತೆಗೆದಿಡುತ್ತೇವೆ.

ಇದನ್ನು ತರಬೇಕಾಗಿ ಬಂದದ್ದು ನನ್ನ ಕೈತಪ್ಪಿನಿಂದ. ಕಳೆದ ಮಳೆಗಾಲದಲ್ಲಿ, ಕರೆಂಟು ಹೋಗಿ ಬಂದು ಮಾಡುತ್ತಿದ್ದ ಒಂದು ರಾತ್ರಿ, ಅಡಿಕೆ ವ್ಯಾಪಾರದ ಗ್ರಾಹಕರೊಬ್ಬರ ಎಂಎಕ್ಸ್ ದಾಖಲೆಯನ್ನು (ಅವರಿಗೆ ಬರುವ ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವ ಸಾಲು) ಝೋನ್ ಫೈಲಿನಲ್ಲಿ ನಾನೇ ತಿದ್ದಿದೆ. ಅಲ್ಲಿ ಮೇಲ್ ಸರ್ವರಿನ ಪೂರ್ತಿ ಹೆಸರು ಬರೆದ ಮೇಲೆ ಕೊನೆಗೊಂದು ಚುಕ್ಕೆ ಇಡಬೇಕು. ಇಡದಿದ್ದರೆ ಹೆಸರು ಇನ್ನೂ ಮುಗಿದಿಲ್ಲವೆಂದು ಅದರ ಹಿಂದೆ ಡೊಮೇನಿನ ಹೆಸರು ಮತ್ತೊಮ್ಮೆ ಅಂಟಿಕೊಳ್ಳುತ್ತದೆ. ಚುಕ್ಕೆ ಬಿಟ್ಟುಹೋಯಿತು. ಲೋಕದಲ್ಲೇ ಇಲ್ಲದ ಸರ್ವರನ್ನು ಹುಡುಕಿಕೊಂಡು ಅವರ ಮೇಲ್‌ಗಳೆಲ್ಲ ಹೊರಟವು, ಮರುದಿನ ಹನ್ನೊಂದು ಗಂಟೆಯವರೆಗೆ ಒಂದೂ ಬಂದು ಮುಟ್ಟಲಿಲ್ಲ. ಅವರಲ್ಲಿ ಇನ್ನೊಮ್ಮೆ ಕ್ಷಮೆ ಕೇಳುತ್ತೇನೆ. ಏಜೆಂಟ್ ಚುಕ್ಕೆ ಮರೆತದ್ದನ್ನು ಈವರೆಗೆ ಕಂಡಿಲ್ಲ.

ಹಾಗೆಂದು ಅದು ಸರ್ವಜ್ಞನೂ ಅಲ್ಲ. ಪರೀಕ್ಷೆಯ ವಾರದಲ್ಲಿ "ಹೊಸ ಮೇಲ್ ಸೇವೆ ಸೇರಿಸು" ಎಂದರೆ, ಇದ್ದ ಎಸ್‌ಪಿಎಫ್ ಸಾಲಿಗೆ (ಡೊಮೇನಿನ ಹೆಸರಲ್ಲಿ ಮೇಲ್ ಕಳಿಸಲು ಯಾವ ಸರ್ವರುಗಳಿಗೆ ಒಪ್ಪಿಗೆಯಿದೆ ಎಂದು ಹೇಳುವ ದಾಖಲೆ) ಸೇರಿಸುವುದು ಬಿಟ್ಟು ಎರಡನೆಯ ಎಸ್‌ಪಿಎಫ್ ದಾಖಲೆಯನ್ನೇ ಬರೆಯಹೊರಟಿತು. ಒಂದು ಡೊಮೇನಿಗೆ ಎಸ್‌ಪಿಎಫ್ ಒಂದೇ ಇರಬೇಕು. ಎರಡಾದರೆ ಮೇಲ್ ಪಡೆಯುವವರ ಕಡೆ ತಪಾಸಣೆಯೇ ದೋಷವೆಂದು ಮುಗಿಯುತ್ತದೆ. ಒಪ್ಪುವ ಮೊದಲು ಕಣ್ಣಾಡಿಸಿದ್ದರಿಂದ ಸಿಕ್ಕಿಬಿತ್ತು. ಆ ಹೆಜ್ಜೆಯನ್ನು ನಾವು ತೆಗೆಯುವುದಿಲ್ಲ.

ಇನ್ನು ಎಲ್ಲರ ಬಾಯಲ್ಲೂ ಇರುವ ದೂರು. "ನಿಮಿಷದ ಕೆಲಸ ಅಂತೀರಿ, ಮತ್ತೆ ನಾಳೆಯವರೆಗೆ ಯಾಕೆ ಕಾಯಿಸ್ತೀರಿ?" ಪತ್ತನಾಜೆ (ಮೇಳಗಳ ತಿರುಗಾಟ ಮುಗಿಯುವ ದಿನ) ಕಳೆದ ಮೇಲೆ ಒಂದು ಯಕ್ಷಗಾನ ಮೇಳದ ಸೈಟನ್ನು ಹೊಸ ಸರ್ವರಿಗೆ ಸಾಗಿಸಿದೆವು. ಬೆಳಿಗ್ಗೆ ಏಳಕ್ಕೇ ವ್ಯವಸ್ಥಾಪಕರ ಫೋನು: "ಕುಂಬಳೆಯಲ್ಲಿ ಹೊಸತು ಕಾಣ್ತದೆ ಮಾರಾಯ್ರೆ, ಮುಳ್ಳೇರಿಯದಲ್ಲಿ ಹಳತೇ ಉಂಟು!" ಎರಡೂ ನಿಜ. ಒಂದೊಂದು ದಾಖಲೆಯ ಜೊತೆಗೂ ಟಿಟಿಎಲ್ ಎಂಬ ಅಂಕಿ ಇರುತ್ತದೆ. ಅವರದ್ದು 86400 ಇತ್ತು. ಅಂದರೆ, ನಿಮ್ಮ ಮೊಬೈಲ್ ಕಂಪೆನಿಯ ಸರ್ವರ್ ಒಮ್ಮೆ ವಿಳಾಸ ಕೇಳಿ ತಿಳಿದರೆ 86400 ಸೆಕೆಂಡು, ಪೂರ್ತಿ ಒಂದು ದಿನ, ಮತ್ತೆ ಕೇಳದೆ ಅದನ್ನೇ ಹೇಳುತ್ತಿರಬಹುದು. ಮುಳ್ಳೇರಿಯದವರು ಯಾರೋ ಹಿಂದಿನ ಸಂಜೆ ಆಟದ ಪಟ್ಟಿ ನೋಡಿದ್ದರೆ ಸಾಕು, ಅಲ್ಲಿಗೆ ಉತ್ತರ ಸಿಗುತ್ತಿದ್ದ ಸರ್ವರಿನಲ್ಲಿ ಮರುದಿನ ಸಂಜೆಯವರೆಗೂ ಹಳೆಯ ವಿಳಾಸವೇ. ಆ ನೆನಪನ್ನು ಅಳಿಸುವುದು ನಮ್ಮ ಕೈಯಲ್ಲೂ ಇಲ್ಲ, ಏಜೆಂಟಿನ ಕೈಯಲ್ಲೂ ಇಲ್ಲ. ನಾವು ಮಲಗಿಕೊಂಡಿದ್ದೆವು ಎಂಬ ಮಾತು ಮಾತ್ರ ಸರಿಯಲ್ಲ, ಆ ರಾತ್ರಿ ಎರಡರವರೆಗೆ ಎದ್ದೇ ಇದ್ದೆವು.

ಆದರೆ ಮೊದಲೇ ತಿಳಿದರೆ ದಾರಿಯಿದೆ. ಹಿಂದಿನ ದಿನವೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿಟ್ಟರೆ, ಸಾಗಿಸಿದ ಬಳಿಕ ಹೆಚ್ಚಿನ ಕಡೆ ಐದು ನಿಮಿಷದಲ್ಲಿ ಹೊಸದು ಕಾಣುತ್ತದೆ. ಎರಡು ದಿನ ಮುಂಚೆ ಹೇಳಿ ಎಂದು ನಾವು ಬೇಡಿಕೊಳ್ಳುವುದು ಇದಕ್ಕೇ. ಇಳಿಸುವುದನ್ನೂ ಕೆಲಸ ಮುಗಿದ ಮೇಲೆ ಏರಿಸುವುದನ್ನೂ ಇನ್ನು ಏಜೆಂಟ್ ನೆನಪಿಟ್ಟುಕೊಳ್ಳುತ್ತದೆ.

ದುಡ್ಡಿನ ವಿಷಯ. ಏಜೆಂಟಿನ ತಿಂಗಳ ಖರ್ಚು ನಮ್ಮದೇ, ತಿದ್ದುಪಡಿಗೆ ಈಗಿರುವ ದರದಲ್ಲಿ ಒಂದು ಪೈಸೆಯೂ ಏರಿಲ್ಲ. ಏರಿದ್ದು ಡಾಟ್ ಕಾಮ್ ನವೀಕರಣ. ಅದಕ್ಕೂ ಏಜೆಂಟಿಗೂ ಗಂಟು ಹಾಕಿ ಮಾತಾಡುವುದು ಕೇಳಿದಾಗ ಬೇಜಾರಾಗುತ್ತದೆ. 2021ರ ಆಗಸ್ಟಿನವರೆಗೆ 7.85 ಡಾಲರ್ ಇದ್ದ ಸಗಟು ದರ ನಾಲ್ಕು ಸಲ ಏರಿ 2024ರ ಸೆಪ್ಟೆಂಬರ್ 1ಕ್ಕೆ 10.26 ಡಾಲರ್ ಆಯಿತು. ಅಷ್ಟರಲ್ಲಿ ರೂಪಾಯಿಯೂ ಇಳಿಯಿತು, ಮೇಲೆ ಶೇ. 18 ಜಿಎಸ್‌ಟಿ. ಮೊದಲ ಎರಡು ಏರಿಕೆಯನ್ನು ನಾವೇ ನುಂಗಿಕೊಂಡಿದ್ದೆವು. ಅದನ್ನು ಆಗ ಹೇಳಿರಲಿಲ್ಲ, ಈಗ ಹೇಳುತ್ತಿದ್ದೇವೆ.

ಯಂತ್ರ ಬೇಡವೇ ಬೇಡ ಎನ್ನುವವರು "ಕೈಯಲ್ಲೇ ಮಾಡಿ" ಎಂದು ಒಂದು ಸಾಲು ಬರೆದು ಹಾಕಿ. ದರ ಅದೇ. ಆದರೆ ಆ ಕೆಲಸ ಸಂಜೆ ಆರರೊಳಗೆ ಮಾತ್ರ. ರಾತ್ರಿ ಹೊತ್ತು ನನ್ನ ಕೈಯಿಂದ ಝೋನ್ ಫೈಲ್ ತಿದ್ದಿಸಬಾರದೆಂದು ಅಂಗಡಿಯ ಉಳಿದಿಬ್ಬರು ತೀರ್ಮಾನಿಸಿದ್ದಾರೆ.

ನಿಮ್ಮವ,
ಕಾಸರಗೋಡು ಅಂಗಡಿಯಿಂದ