ಅಮ್ಮ ಹೊಲಿದ ಕಪ್ಪು ಪರದೆ

ಮೊನ್ನೆ ಶುಕ್ರವಾರ ನನ್ನ ಪಿಎಚ್.ಡಿ. ವೈವಾ ಮುಗಿಯಿತು. ಫೋನ್ ಮಾಡಿದವರ ಹತ್ತಿರ ಸರಿಯಾಗಿ ಮಾತಾಡಲಾಗಲಿಲ್ಲ, ಗಂಟಲು ಕಟ್ಟುತ್ತಿತ್ತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ತಿಪಟೂರಿನ ನಮ್ಮ ಫಿಸಿಕ್ಸ್ ಮೇಷ್ಟ್ರಿಗೆ. ಕದ್ದು ನೋಡಿದರೆ ಗೊತ್ತಾಗಿಬಿಡುವಂತೆ, ಒಂದೊಂದೇ ಫೋಟಾನ್‌ನಲ್ಲಿ, ಅಂದರೆ ಬೆಳಕಿನ ಕಣದಲ್ಲಿ, ಗುಟ್ಟು ಕಳಿಸುವ ವಿಧಾನವನ್ನು ವಿಜ್ಞಾನಿಗಳಾದ ಬೆನೆಟ್ ಮತ್ತು ಬ್ರಾಸಾರ್ಡ್ ಮಂಡಿಸಿದ್ದು 1984ರ ಡಿಸೆಂಬರ್‌ನಲ್ಲಿ. "ಅದೂ ನಮ್ಮ ಬೆಂಗಳೂರಲ್ಲೇ ಕಣ್ರೋ" ಎಂದಿದ್ದರು ಮೇಷ್ಟ್ರು. ಆ ಮಾತು ನನ್ನನ್ನು ಇಲ್ಲಿಗೆ ಕರೆತಂತು.

ನನ್ನ ಕೆಲಸ ಹೀಗಿತ್ತು. ನೇರಳೆ ಲೇಸರನ್ನು ಪುಟ್ಟ ಹರಳಿಗೆ ಬಿಟ್ಟರೆ, ಅಪರೂಪಕ್ಕೊಮ್ಮೆ 405 ನ್ಯಾನೋಮೀಟರ್ ತರಂಗಾಂತರದ ಒಂದು ಫೋಟಾನ್ ಹೋಗಿ 810ರ ಅವಳಿಗಳು ಹುಟ್ಟುತ್ತವೆ. ಆ ಎರಡೂ ಒಂದೇ ಕ್ಷಣಕ್ಕೆ ಬೀಮ್ ಸ್ಪ್ಲಿಟರ್ (ಬೆಳಕನ್ನು ಎರಡು ದಾರಿಗೆ ಹಂಚುವ ಗಾಜು) ತಲುಪಿದರೆ ಬೇರೆಯಾಗುವುದಿಲ್ಲ, ಜೊತೆಯಾಗಿ ಒಂದೇ ಕಡೆ ಹೊರಡುತ್ತವೆ. ಆಗ ಎರಡೂ ದಾರಿಯ ಕೊನೆಗಿಟ್ಟ ಡಿಟೆಕ್ಟರ್‌ಗಳು ಒಟ್ಟಿಗೆ ಸದ್ದು ಮಾಡುವುದು ನಿಂತು, ಆ ಎಣಿಕೆಯ ಗ್ರಾಫ್ ಕೆಳಗಿಳಿಯುತ್ತದೆ. 1987ರಲ್ಲಿ ಹಾಂಗ್, ಔ, ಮಾಂಡೆಲ್ ಎಂಬ ವಿಜ್ಞಾನಿಗಳು ತೋರಿಸಿದ್ದು ಇದನ್ನೇ. ಬೆಳಕಿನಿಂದ ಕ್ವಾಂಟಮ್ ಕಂಪ್ಯೂಟರ್ ಕಟ್ಟಲು ಹೊರಟವರಿಗೆ ಇದು ಬೇಕೇ ಬೇಕು.

ನಮ್ಮ ಟೇಬಲ್ ಮೇಲೆ ಆ ಇಳಿತ ಸಿಗುವ ಜಾಗ ಕೂದಲೆಳೆಯಷ್ಟು ಅಗಲ. ಹನ್ನೊಂದು ತಿಂಗಳು ಹುಡುಕಿದೆ. ಒಂದು ರಾತ್ರಿ ಡಿಟೆಕ್ಟರ್ ಆನ್ ಇರುವಾಗಲೇ ಟ್ಯೂಬ್‌ಲೈಟ್ ಹಾಕಿಬಿಟ್ಟೆ. ಒಂದೊಂದೇ ಕಣ ಎಣಿಸುವ ಸಾಧನ ಅದು, ಅಷ್ಟು ಬೆಳಕಿಗೆ ಸುಟ್ಟೇಹೋಯಿತು. ಅಳುತ್ತಾ ಹೇಳಿದೆ. ಗೈಡ್ ಮೇಡಂ ಒಂದು ಮಾತೂ ಬೈಯಲಿಲ್ಲ. "ಮೊದಲು ಊಟ ಮಾಡ್ಕೊಂಡು ಬಾ" ಅಂದರು. ಮರುದಿನ ಬೇರೆ ಲ್ಯಾಬಿನಿಂದ ಸಾಲ ಕೇಳಿ ತಂದರು. ಮೇಡಂ, ಆ ರಾತ್ರಿಯನ್ನು ನಾನು ಮರೆಯುವುದಿಲ್ಲ.

ಕೋಣೆ ಸ್ವಲ್ಪ ಬಿಸಿಯಾದರೂ ಟೇಬಲ್ ಮೇಲಿನ ಜೋಡಣೆ ಅಲುಗಿ ತಪ್ಪುತ್ತಿತ್ತು. ರಾತ್ರಿ ಹನ್ನೆರಡಾದರೂ ಏಣಿ ಹೊತ್ತು ಬಂದ ಎಸಿ ಅಣ್ಣನಿಗೆ, ಹರಳಿನ ಹಿಡಿಕೆಯನ್ನು ಕೈಯಲ್ಲೇ ಅರದಿಂದ ಉಜ್ಜಿ ಕೂರಿಸಿಕೊಟ್ಟ ವರ್ಕ್‌ಶಾಪಿನ ಹಿರಿಯರಿಗೆ ಏನು ಹೇಳಿದರೂ ಕಡಿಮೆಯೇ.

ಇನ್ನು ಅಮ್ಮ. ಬಾಗಿಲ ಸಂದಿಯಿಂದ ಬೆಳಕು ನುಗ್ಗುತ್ತೆ ಅಂತ ಸುಮ್ನೆ ಹೇಳಿದ್ದೆ, ಅಷ್ಟೇ. ಎರಡು ಪದರದ ಕಪ್ಪು ಪರದೆ ಹೊಲಿದು, ಅಂಚಿಗೆ ಮರಳು ತುಂಬಿ, ಬಸ್ಸಿನಲ್ಲಿ ಕಳಿಸಿದಳು. ಗ್ರಾಫ್ ಇಳಿದದ್ದು ಆ ಪರದೆಯ ಹಿಂದೆಯೇ, ಬೆಳಗಿನ ಜಾವ ನಾಲ್ಕಕ್ಕೆ.

ಪರದೆ ಅಲ್ಲೇ ಬಿಟ್ಟು ಬಂದಿದ್ದೇನೆ ಅಮ್ಮ. ಜೂನಿಯರ್‌ಗಳಿಗೆ ಬೇಕಂತೆ.