ಈ ವಾರದ ಚಿತ್ರ: ವ್ಯಾನ್ ಗಾಗ್‌ನ ಐರಿಸ್ ಹೂಗಳು

ಎಲ್ಲರಿಗೂ ನಮಸ್ಕಾರ. ಈ ವಾರ ವ್ಯಾನ್ ಗಾಗ್ 1890ರ ಮೇ ತಿಂಗಳಲ್ಲಿ, ಫ್ರಾನ್ಸಿನ ಸೇಂಟ್ ರೆಮಿ ಆಸ್ಪತ್ರೆ ಬಿಡುವ ಮುಂಚೆ ಬರೆದ ಐರಿಸ್ ಹೂದಾನಿ ನೋಡೋಣ. ಹಳದಿ ಗೋಡೆ ಇರುವ ಈ ಚಿತ್ರ ಈಗ ಆಮ್‌ಸ್ಟರ್‌ಡ್ಯಾಮ್‌ನಲ್ಲಿದೆ. ನೋಡುವ ಮೊದಲು ಫೋನಿನ ನೈಟ್ ಮೋಡ್ ಆಫ್ ಮಾಡಿ, ಇಲ್ಲದಿದ್ದರೆ ಎಲ್ಲವೂ ಹಳದಿಯೇ!

ಮೊದಲು ಗೋಡೆ ನೋಡಿ. ಹೂಗಳ ನೆರಳು ಅದರ ಮೇಲೆ ಎಲ್ಲೂ ಬಿದ್ದಿಲ್ಲ. ಕಿಟಕಿಯಿಂದ ಬೆಳಕು ಬಂತು ಅನ್ನೋ ಹಾಗೂ ಇಲ್ಲ, ಆದರೂ ಚಿತ್ರ ಬೆಳಗುತ್ತದೆ, ಯಾಕೆಂದರೆ ಇಲ್ಲಿ ಬೆಳಕಿನ ಕೆಲಸವನ್ನೆಲ್ಲ ಹಳದಿಯೇ ಮಾಡುತ್ತಿದೆ. ಬಲಗಡೆ ಬಾಗಿ ಬಿದ್ದಿರುವ ಗೊಂಚಲನ್ನು ಝೂಮ್ ಮಾಡಿ. ಎಸಳಿನ ಅಂಚಿಗೆ ಎಳೆದಿರುವ ಕಡುನೀಲಿ ಗೆರೆ ಕಾಣುತ್ತೆ ಅಲ್ವಾ? ನನಗಂತೂ ಇಡೀ ಚಿತ್ರದಲ್ಲಿ ಜಾಸ್ತಿ ಇಷ್ಟವಾದ ಜಾಗ ಅದು.

ಇನ್ನೊಂದು ವಿಷಯ. ಈ ಹೂಗಳು ಮೊದಲು ನೀಲಿ ಇರಲಿಲ್ಲ, ನೇರಳೆ. ಹಳದಿಗೆ ಎದುರು ನಿಲ್ಲುವ ಬಣ್ಣ ನೇರಳೆ ಅಂತಲೇ ಆತ ಅದನ್ನು ಆರಿಸಿದ್ದ. ಆ ನೇರಳೆಯೊಳಗಿನ ಕೆಂಪು ಬಣ್ಣ ಬೆಳಕಿಗೆ ಮಾಸಿಹೋಗಿ ನೀಲಿಯಷ್ಟೇ ಉಳಿದಿದೆ. ನ್ಯೂಯಾರ್ಕಿನಲ್ಲಿರುವ ಇದರ ಜೋಡಿ ಚಿತ್ರದಲ್ಲಿ ಹಿನ್ನೆಲೆಯ ಗುಲಾಬಿ ಹೀಗೆಯೇ ಹೋಗಿ ಹೆಚ್ಚುಕಮ್ಮಿ ಬಿಳಿಯಾಗಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಭಾನುವಾರದೊಳಗೆ ಅನಿಸಿದ್ದು ಬರೆಯಿರಿ. ಸುಮ್ನೆ ‘ಸೂಪರ್’ ಅಂತ ಹಾಕಬೇಡಿ, ಯಾವ ಜಾಗ ಹಿಡಿಸಿತು ಅಂತ ಹೇಳಿ.